ಮೊಟ್ಟೆ ಒಡೆದದ್ದು ಯಾರ ತಪ್ಪು?

ತಲೆಬರಹ ನೋಡಿದೊಡನೆ ನಮ್ಮ ಸಸ್ಯಾಹಾರಿ ಬಂಧುಗಳು ಪುಟ ಮಗುಚಿ ಮುಂದೆ ಹೋಗಬಾರದೆಂದು ಮೊದಲಾಗಿ ವಿನಂತಿಸಿಕೊಳ್ಳುತ್ತೇನೆ. ಇಲ್ಲಿ ಅಡುಗೆಯ ಮಾತು ಬಹಳ ಕಡಿಮೆ. ಇದು ಒಂದು ತೆಳ್ಳಗಿನ ಚಿಪ್ಪಿನ ವಿಚಾರ. ಅದು ಎಷ್ಟು ಗಟ್ಟಿ, ಯಾವಾಗ ಒಡೆಯುತ್ತದೆ, ಏಕೆ ಒಡೆಯುತ್ತದೆ ಎಂಬ ವಿಚಾರ. ಜೊತೆಗೆ ಆ ಚಿಪ್ಪಿನ ದೆಸೆಯಿಂದ ಬೈಗುಳ ತಿಂದ ಒಬ್ಬ ಹುಡುಗನ ಕಥೆಯೂ ಇದೆ. ಆ ಹುಡುಗ ನಾನೇ.

ನಾನು 1981ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕಾರ್ಕಳದ ಕಡೆಯ ಹಳ್ಳಿಯೊಂದರಿಂದ ಮುಂಬಯಿಗೆ ಬಂದವನು. ಕೊಂಕಣ ರೈಲು ಇನ್ನೂ ಕನಸಾಗಿದ್ದ ಕಾಲ. ಬಸ್ಸಿನಲ್ಲಿ ಕುಳಿತು ಸೊಂಟ ನೋಯಿಸಿಕೊಂಡು ಬಂದು ಇಳಿದ ನನಗೆ ಊರಿನವರೊಬ್ಬರ ಶಿಫಾರಸಿನಿಂದ ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಊಟ, ಮಲಗಲು ಅಂಗಡಿಯ ಅಟ್ಟ, ತಿಂಗಳಿಗೆ ಸ್ವಲ್ಪ ಸಂಬಳ. ಸಂಜೆ ಅಂಗಡಿಯಿಂದ ಬಿಡುವು ಸಿಕ್ಕ ಮೇಲೆ ಲೋಕಲ್ ಹತ್ತಿ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ನಮ್ಮ ಪೀಳಿಗೆಯ ಎಷ್ಟೋ ಮಂದಿ ಓದಿದ್ದು ಹೀಗೆಯೇ. ಆಗ ಆಗ್ರಾ ರಸ್ತೆ ಎಂದೇ ಹಳಬರು ಕರೆಯುತ್ತಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಇಕ್ಕೆಲಗಳಲ್ಲೂ ಕಾರ್ಖಾನೆಗಳಿದ್ದವು. ಪಾಳಿ ಬದಲಾಗುವಾಗ ಊದುವ ಭೋಂಗಾದ ಸದ್ದಿನಿಂದಲೇ ನಾವು ಸಮಯ ತಿಳಿಯುತ್ತಿದ್ದೆವು. ಪಶ್ಚಿಮದ ಗುಡ್ಡದ ಮೈಮೇಲೆ ಟೇಂಬಿಪಾಡಾ, ಹನುಮಾನ್ ನಗರಗಳಲ್ಲಿ ಕಾರ್ಮಿಕರ ಮನೆಗಳು. ಅಲ್ಲಿನ ಸಣ್ಣ ಸಣ್ಣ ಗೂಡಂಗಡಿಗಳಿಗೆ ಸೈಕಲ್ಲಿನಲ್ಲಿ ಮೊಟ್ಟೆ ಮುಟ್ಟಿಸುವುದು ನನ್ನ ಕೆಲಸ.

ಕಾಗದದ ರಟ್ಟಿನ ಒಂದು ಟ್ರೇಯಲ್ಲಿ ಮೂವತ್ತು ಮೊಟ್ಟೆ. ಕ್ಯಾರಿಯರಿನ ಮೇಲೆ ಹತ್ತು ಟ್ರೇ ಹೇರಿ, ಮೇಲಿನಿಂದ ಹುರಿಹಗ್ಗ ಬಿಗಿದು ಹೊರಡುವುದು. 1983ರ ಜುಲೈ ತಿಂಗಳ ಒಂದು ದಿನ. ಮುಂಬಯಿ ಮಳೆಯನ್ನು ವರ್ಣಿಸುವ ಅಗತ್ಯ ನಮ್ಮ ಓದುಗರಿಗಿಲ್ಲ. ಗುಡ್ಡದ ಏರಿನಲ್ಲಿ ಹೊಂಡಗಳೆಲ್ಲ ನೀರು ತುಂಬಿ ರಸ್ತೆ ಯಾವುದು, ಗುಂಡಿ ಯಾವುದು ತಿಳಿಯದು. ಎರಡು ಸಲ ಚಕ್ರ ಧೊಪ್ಪನೆ ಇಳಿಯಿತು. ಮೊದಲ ಗಿರಾಕಿಯ ಬಾಗಿಲಲ್ಲಿ ಹಗ್ಗ ಬಿಚ್ಚಿ ನೋಡಿದರೆ ಲೋಳೆ ಸೋರುತ್ತಿದೆ. ಎಣಿಸಿದೆ. ಮುನ್ನೂರರಲ್ಲಿ ನಲವತ್ತಮೂರು ಒಡೆದಿದ್ದವು.

ಅಂಗಡಿಗೆ ಮರಳಿದಾಗ ಧಣಿಗಳು ತೀರ್ಪು ಕೊಟ್ಟರು. “ಒಂದೇ ಸಲಕ್ಕೆ ಅಷ್ಟೊಂದು ಹೇರಿದರೆ ಮೇಲಿನ ಭಾರಕ್ಕೆ ಕೆಳಗಿನದ್ದು ಒಡೆಯದೆ ಏನಾಗುತ್ತದೆ? ಎರಡು ಸಲ ಹೋಗುವ ಸೋಮಾರಿತನ ನಿನಗೆ!” ನಲವತ್ತಮೂರು ಮೊಟ್ಟೆಯ ಹಣ ಸಂಬಳದಲ್ಲಿ ಕಡಿತವಾಯಿತು. ಅದು ತಿಂಗಳ ಸಂಬಳದ ಐದರಲ್ಲೊಂದು ಪಾಲು. ಆ ತಿಂಗಳು ಊರಿಗೆ ಹೋದ ಮನಿಯಾರ್ಡರು ಸಣ್ಣದಾಯಿತು. ಏಕೆ ಕಡಿಮೆ ಎಂದು ಅಮ್ಮ ಕೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು.

ಆದರೆ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಒಡೆದ ಮೊಟ್ಟೆಗಳಲ್ಲಿ ಹೆಚ್ಚಿನವು ಕೆಳಗಿನ ಟ್ರೇಯಲ್ಲಿ ಇರಲೇ ಇಲ್ಲ. ಮೇಲಿನ ಎರಡು ಟ್ರೇಗಳಲ್ಲಿ, ಅದರಲ್ಲೂ ಹಗ್ಗ ಹಾದು ಹೋದ ಅಂಚಿನ ಸಾಲಿನಲ್ಲಿ ಇದ್ದವು. ಭಾರದಿಂದ ಒಡೆದದ್ದಾದರೆ ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತ ತಳದ ಟ್ರೇ ಮೊದಲು ಒಡೆಯಬೇಡವೇ? ಈ ಪ್ರಶ್ನೆ ನನಗೆ ಹೊಳೆಯಿತು. ಆದರೆ ಹದಿನಾರರ ಹುಡುಗ ಅದನ್ನು ಧಣಿಗಳ ಮುಂದೆ ಹೇಳುವುದುಂಟೇ?

ಯಂತ್ರದ ಸಾಕ್ಷಿ

ಉತ್ತರ ಸಿಗಲು ಐದಾರು ವರ್ಷ ಬೇಕಾಯಿತು. ರಾತ್ರಿ ಶಾಲೆ ಮುಗಿಸಿದ ಮೇಲೆ ಅದೇ ರಸ್ತೆಯ ಒಂದು ಕಾರ್ಖಾನೆಯಲ್ಲಿ ನಾನು ಹೆಲ್ಪರ್ ಆಗಿ ಸೇರಿದೆ. ಪರೀಕ್ಷಾ ವಿಭಾಗಕ್ಕೆ ಹಾಕಿದರು. ಬೋಲ್ಟು, ಸ್ಪ್ರಿಂಗು, ಕಬ್ಬಿಣದ ತುಂಡುಗಳನ್ನು ಯಂತ್ರದಲ್ಲಿ ಎಳೆದು, ಒತ್ತಿ, ಎಷ್ಟು ಭಾರಕ್ಕೆ ಸೋಲುತ್ತವೆ ಎಂದು ಬರೆದಿಡುವುದು ಅಲ್ಲಿನ ಕೆಲಸ. ದೊಡ್ಡ ಯಂತ್ರ ಟನ್ನುಗಳಲ್ಲಿ ಅಳೆಯುತ್ತಿತ್ತು. ಪಕ್ಕದಲ್ಲಿ ಸ್ಪ್ರಿಂಗ್ ಪರೀಕ್ಷಿಸುವ ಒಂದು ಸಣ್ಣ ಯಂತ್ರವಿತ್ತು. ಅದರ ಮುಳ್ಳು ಅರ್ಧ ಕಿಲೋವನ್ನೂ ತೋರಿಸಬಲ್ಲದು. ಒಂದು ದಿನ ಊಟದ ಬಿಡುವಿನಲ್ಲಿ ಹಿರಿಯ ಮೇಸ್ತ್ರಿಯವರ ಒಪ್ಪಿಗೆ ಪಡೆದು, ಕ್ಯಾಂಟೀನಿನಿಂದ ಆರು ಮೊಟ್ಟೆ ತಂದು, ಎರಡು ಚಪ್ಪಟೆ ತಟ್ಟೆಗಳ ನಡುವೆ ಒಂದೊಂದಾಗಿ ಇಟ್ಟು ನಿಧಾನವಾಗಿ ಒತ್ತಿದೆ.

ಮುಳ್ಳು ಒಂದು ಕಿಲೋ ದಾಟಿತು, ಎರಡು ದಾಟಿತು, ಮೂರು ದಾಟಿತು. ಆಮೇಲೆ ಟಿಕ್ ಎಂದಿತು. ಆರು ಮೊಟ್ಟೆಗಳೂ ಮೂರರಿಂದ ಐದು ಕಿಲೋ ಒಳಗೆ ಸೋತವು. ನನ್ನದು ಊಟದ ಬಿಡುವಿನ ಪ್ರಯೋಗವಾದರೂ ಲೆಕ್ಕ ತಪ್ಪಾಗಿರಲಿಲ್ಲ. ಕೋಳಿಮೊಟ್ಟೆಯ ಚಿಪ್ಪು ಒತ್ತಡಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಕಿಲೋ ಆಸುಪಾಸಿನಲ್ಲಿ ಬಿರಿಯುತ್ತದೆ ಎಂಬುದು ಪ್ರಯೋಗಾಲಯಗಳ ಸಾಮಾನ್ಯ ಅಳತೆ.

ಈಗ ನನ್ನ ಸೈಕಲ್ಲಿನ ಲೆಕ್ಕ ಮಾಡೋಣ. ಒಂದು ಮೊಟ್ಟೆ ಸುಮಾರು 55 ಗ್ರಾಂ. ಮೂವತ್ತು ಮೊಟ್ಟೆ, ಮೇಲೆ ರಟ್ಟಿನ ತೂಕ ಸೇರಿದರೆ ಒಂದು ಟ್ರೇ ಸುಮಾರು 1.7 ಕಿಲೋ. ತಳದ ಟ್ರೇಯ ಮೇಲೆ ಒಂಬತ್ತು ಟ್ರೇ, ಅಂದರೆ ಹದಿನೈದು ಕಿಲೋ ಚಿಲ್ಲರೆ. ಅದನ್ನು ಮೂವತ್ತು ಮೊಟ್ಟೆ ಹಂಚಿಕೊಂಡರೆ ಒಂದರ ಪಾಲಿಗೆ ಬರುವುದು ಅರ್ಧ ಕಿಲೋ. ಮೂರು ಕಿಲೋ ಹೊರಬಲ್ಲದ್ದಕ್ಕೆ ಅರ್ಧ ಕಿಲೋ ಯಾವ ಭಾರ? ಅದೂ ರಟ್ಟಿನ ಉಬ್ಬುಗಳೇನೂ ಹೊರುವುದಿಲ್ಲ, ಎಲ್ಲವನ್ನೂ ಮೊಟ್ಟೆಗಳೇ ಹೊರುತ್ತವೆ ಎಂದು ಲೆಕ್ಕ ಹಾಕಿದಾಗ! ಅಂದರೆ ಧಣಿಗಳ ತೀರ್ಪು ತಪ್ಪು. ಮೊಟ್ಟೆ ಭಾರದಿಂದ ಒಡೆದದ್ದಲ್ಲ. ಹಾಗಾದರೆ ಯಾವುದರಿಂದ?

ಚಿಪ್ಪು ಎಂಬ ಗುಮ್ಮಟ

ಇದನ್ನು ತಿಳಿಯಬೇಕಾದರೆ ಚಿಪ್ಪನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅದರ ದಪ್ಪ 0.3ರಿಂದ 0.4 ಮಿಲಿಮೀಟರ್ ಮಾತ್ರ. ತೂಕ ಐದಾರು ಗ್ರಾಂ, ಇಡೀ ಮೊಟ್ಟೆಯ ಸುಮಾರು ಹತ್ತನೆಯ ಒಂದು ಪಾಲು. ಅದರ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕಿದ ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮೂರಿನಲ್ಲಿ ಮರುವಾಯಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ಕಂಡವರಿಗೆ ಈ ವಸ್ತು ಹೊಸದಲ್ಲ. ಮರುವಾಯಿ ಚಿಪ್ಪು, ಸುಣ್ಣದ ಕಲ್ಲು, ಅಮೃತಶಿಲೆ, ಮೊಟ್ಟೆಯ ಓಡು ಎಲ್ಲವೂ ಒಂದೇ ಮನೆತನ. ಕೋಳಿಯ ಹೊಟ್ಟೆಯೊಳಗೆ ಈ ಓಡು ಕಟ್ಟಲು ಸುಮಾರು ಇಪ್ಪತ್ತು ತಾಸು ಬೇಕು. ಒಳಮೈಗೆ ಎರಡು ತೆಳು ಪೊರೆಗಳು, ಹೊರಮೈಗೆ ಕಣ್ಣಿಗೆ ಕಾಣದ ಒಂದು ಲೇಪ, ನಡುವೆ ಗಾಳಿಯಾಡಲು ಸಾವಿರಾರು ಸೂಕ್ಷ್ಮ ರಂಧ್ರಗಳು. ದಪ್ಪ ತುದಿಯಲ್ಲಿ ಎರಡು ಪೊರೆಗಳ ನಡುವೆ ಒಂದು ಗಾಳಿಯ ಕೋಣೆ.

ಕಲ್ಲಿನ ಜಾತಿಯ ವಸ್ತುಗಳಿಗೆ ಒಂದು ಗುಣವಿದೆ. ಒತ್ತಿದರೆ ಸಹಿಸುತ್ತವೆ, ಎಳೆದರೆ ಬಿರಿಯುತ್ತವೆ. ಆದ್ದರಿಂದ ಕಲ್ಲಿನಲ್ಲಿ ಕಟ್ಟುವವನ ಜಾಣತನವೆಲ್ಲ ಭಾರವನ್ನು ಎಳೆತವಾಗಲು ಬಿಡದೆ ಒತ್ತಡವಾಗಿಯೇ ನೆಲಕ್ಕೆ ಮುಟ್ಟಿಸುವುದರಲ್ಲಿದೆ. ಕಮಾನು ಮಾಡುವುದು ಅದನ್ನೇ. ಗುಮ್ಮಟ ಮಾಡುವುದೂ ಅದನ್ನೇ. ವಿಜಾಪುರದ ಗೋಲಗುಮ್ಮಟವನ್ನು ನೆನೆಯಿರಿ. 1656ರಲ್ಲಿ ತೀರಿಕೊಂಡ ಮಹಮದ್ ಆದಿಲ್‌ಶಾಹನ ಆ ಗೋರಿಯ ಮೇಲೆ, ಒಳಗೆ ಸುಮಾರು 38 ಮೀಟರ್ ಅಗಲದ ಗುಮ್ಮಟ ನಡುವೆ ಒಂದು ಕಂಬವೂ ಇಲ್ಲದೆ ನಿಂತಿದೆ. ಅದರ ಗೋಡೆಯ ದಪ್ಪ ಸುಮಾರು ಮೂರು ಮೀಟರ್. ಅಂದರೆ ಅಗಲದ ಹದಿಮೂರನೆಯ ಒಂದು ಪಾಲು. ಮೊಟ್ಟೆಯ ಅಗಲ ಸುಮಾರು 44 ಮಿಲಿಮೀಟರ್. ಅದರ ಓಡಿನ ದಪ್ಪ ಅಗಲದ ನೂರಿಪ್ಪತ್ತನೆಯ ಒಂದು ಪಾಲಿನಷ್ಟು. ತನ್ನ ಅಳತೆಗೆ ಹೋಲಿಸಿದರೆ ಕೋಳಿ ಕಟ್ಟಿದ ಗುಮ್ಮಟ ಆದಿಲ್‌ಶಾಹಿಯ ಮೇಸ್ತ್ರಿಗಳು ಕಟ್ಟಿದ್ದಕ್ಕಿಂತ ಒಂಬತ್ತು ಹತ್ತು ಪಟ್ಟು ತೆಳು! ಅಂಗೈಯೊಳಗೆ ಮೊಟ್ಟೆಯನ್ನಿಟ್ಟು ಎಲ್ಲ ಕಡೆಯಿಂದ ಸಮನಾಗಿ ಹಿಚುಕಿದರೆ ಬಲಶಾಲಿಗೂ ಅದು ಬಗ್ಗುವುದಿಲ್ಲ ಎನ್ನುವ ಮಾತಿನ ಗುಟ್ಟು ಇದೇ. ಕೈಯ ಬಲ ಹಂಚಿಹೋಗುತ್ತದೆ. ಆದರೆ ಬೆರಳಿನಲ್ಲಿ ಉಂಗುರವಿದ್ದರೆ ಈ ಪಂಥಕ್ಕೆ ಇಳಿಯಬೇಡಿ. ಉಂಗುರ ಒಂದೇ ಜಾಗದಲ್ಲಿ ಒತ್ತುತ್ತದೆ, ಅಂಗಿ ಕೆಡುತ್ತದೆ.

ಇಲ್ಲಿಗೆ ನನ್ನ ಹುರಿಹಗ್ಗದ ಪಾತ್ರ ಬಂತು. ಭಾರ ಹರಡಿ ಬಂದರೆ ಗುಮ್ಮಟ ಗಟ್ಟಿ. ಅದೇ ಭಾರ ಒಂದು ಚುಕ್ಕೆಯಷ್ಟು ಜಾಗಕ್ಕೆ ಬಂದರೆ ಆ ಜಾಗದಲ್ಲಿ ಓಡು ಒಳಕ್ಕೆ ಬಾಗುತ್ತದೆ. ಬಾಗಿದಾಗ ಹೊರಮೈ ಒತ್ತಿಕೊಳ್ಳುತ್ತದೆ, ಒಳಮೈ ಹಿಗ್ಗಿ ಎಳೆತಕ್ಕೆ ಸಿಗುತ್ತದೆ. ಕಲ್ಲಿಗೆ ಎಳೆತ ಆಗದು ಎಂದೆವಲ್ಲ! ಬಿರುಕು ಅಲ್ಲಿಂದಲೇ ಶುರು. ಹಗ್ಗದ ಅಡಿಯ ಸಾಲಿನ ಮೊಟ್ಟೆಗಳಿಗೆ ಆದದ್ದು ಇದು.

ಒಮ್ಮೆ ಬಿರುಕು ಹುಟ್ಟಿದರೆ ಮುಂದಿನ ಕೆಲಸ ಸುಲಭ. ಬ್ರಿಟಿಷ್ ಇಂಜಿನಿಯರ್ ಗ್ರಿಫಿತ್ ಎಂಬವರು 1920ರ ಸುಮಾರಿಗೆ ಗಾಜಿನ ಮೇಲೆ ಪ್ರಯೋಗ ಮಾಡಿ ತೋರಿಸಿದ ಸಂಗತಿ ಇದು. ಬಿರುಕಿನ ಚೂಪು ತುದಿಯಲ್ಲಿ ಎಳೆತ ಹಲವು ಪಟ್ಟು ಹೆಚ್ಚುತ್ತದೆ, ಆದ್ದರಿಂದ ಕಣ್ಣಿಗೆ ಕಾಣದ ಸಣ್ಣ ದೋಷವೇ ಇಡೀ ವಸ್ತುವಿನ ಬಲವನ್ನು ತೀರ್ಮಾನಿಸುತ್ತದೆ. ಹರಿದ ಅಂಚಿನಿಂದ ಬಟ್ಟೆ ಸರ್ರನೆ ಸೀಳುವುದಿಲ್ಲವೇ, ಹಾಗೆಯೇ. ಒಂದೇ ಕೋಳಿಯ ಎರಡು ಮೊಟ್ಟೆಗಳಲ್ಲಿ ಒಂದು ಮೂರು ಕಿಲೋಗೂ ಇನ್ನೊಂದು ಐದು ಕಿಲೋಗೂ ಸೋಲುವುದೇಕೆ ಎಂಬುದಕ್ಕೆ ಇದೊಂದು ಮುಖ್ಯ ಕಾರಣ.

ಭಾರ ಬೇರೆ, ಪೆಟ್ಟು ಬೇರೆ

ಇನ್ನು ಹೊಂಡಗಳ ವಿಚಾರ. ನಿಧಾನವಾಗಿ ಒತ್ತುವುದಕ್ಕೂ ಥಟ್ಟನೆ ಬಡಿಯುವುದಕ್ಕೂ ಅಜಗಜಾಂತರ ವ್ಯತ್ಯಾಸ. ಇತ್ತೀಚೆಗೆ 2025ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರು ಇನ್ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಒತ್ತಿ, ಬೀಳಿಸಿ ಪ್ರಕಟಿಸಿದ ಫಲಿತಾಂಶ ಓದಿದಾಗ ನನಗೆ ಹಳೆಯ ಸ್ಪ್ರಿಂಗ್ ಯಂತ್ರ ನೆನಪಾಯಿತು.

ಮೊಟ್ಟೆಯನ್ನು ನಿಲ್ಲಿಸಿದರೆ ಗಟ್ಟಿ, ಮಲಗಿಸಿದರೆ ಮೆತು ಎಂದು ಎಲ್ಲರೂ ನಂಬಿದ್ದರು. ಶಾಲೆಯ ಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದವು. ಇವರು ಒತ್ತಿ ನೋಡಿದಾಗ ನಿಲ್ಲಿಸಿದರೂ ಮಲಗಿಸಿದರೂ ಒಡೆಯಲು ಬೇಕಾದ ಬಲ ಹೆಚ್ಚು ಕಡಿಮೆ ಒಂದೇ ಆಗಿತ್ತು, ಸುಮಾರು ನಾಲ್ಕೂವರೆ ಕಿಲೋ ಭಾರದಷ್ಟು. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಮಲಗಿದ ಮೊಟ್ಟೆ ಒಡೆಯುವ ಮುನ್ನ ಸ್ವಲ್ಪ ಹೆಚ್ಚು ಬಾಗುತ್ತದೆ. ಹಾಗೆ ಬಾಗಿ ಸುಮಾರು ನೂರಕ್ಕೆ ಮೂವತ್ತರಷ್ಟು ಹೆಚ್ಚು ಶಕ್ತಿಯನ್ನು ನುಂಗಿಕೊಳ್ಳುತ್ತದೆ. ಬೀಳಿಸಿದಾಗ ಈ ಗುಣ ಫಲ ಕೊಟ್ಟಿತು. ಬರೇ 8 ಮಿಲಿಮೀಟರ್ ಎತ್ತರದಿಂದ, ಅಂದರೆ ಒಂದು ಕಿರುಬೆರಳಿನ ದಪ್ಪಕ್ಕಿಂತಲೂ ಕಡಿಮೆ ಎತ್ತರದಿಂದ, ಗಟ್ಟಿ ನೆಲಕ್ಕೆ ಬಿಟ್ಟಾಗ ನಿಂತ ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಿರಿದವು. ಮಲಗಿದವುಗಳಲ್ಲಿ ನೂರಕ್ಕೆ ಹತ್ತೂ ಬಿರಿಯಲಿಲ್ಲ.

ಕ್ರಿಕೆಟ್ ಆಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಜೋರಾಗಿ ಬಂದ ಚೆಂಡನ್ನು ಕೈ ನೆಟ್ಟಗೆ ಚಾಚಿ ಹಿಡಿದರೆ ಅಂಗೈ ಉರಿಯುತ್ತದೆ. ಚೆಂಡಿನ ಜೊತೆ ಕೈಯನ್ನು ಹಿಂದಕ್ಕೆಳೆದರೆ ಏನೂ ಆಗದು. ಚೆಂಡೂ ಅದೇ, ವೇಗವೂ ಅದೇ. ನಿಲ್ಲಿಸಲು ತೆಗೆದುಕೊಂಡ ದೂರ ಮಾತ್ರ ಬೇರೆ. ಗಟ್ಟಿತನ ಒಂದು, ತಾಳಿಕೆ ಇನ್ನೊಂದು. ಮೊಟ್ಟೆಗೆ ಗಟ್ಟಿತನ ಸಾಕಷ್ಟಿದೆ, ತಾಳಿಕೆ ಕಡಿಮೆ. ಬಾಗಲು ಬಾರದ ಗಟ್ಟಿತನಕ್ಕೆ ಒಂದು ಸಣ್ಣ ಪೆಟ್ಟು ಸಾಕು.

ರಟ್ಟಿನ ಟ್ರೇ ಇರುವುದು ಇದಕ್ಕಾಗಿಯೇ. ಮೊಟ್ಟೆಗೆ ಬಾಗಲು ಬಾರದಿದ್ದರೆ ಅದರ ಬದಲು ರಟ್ಟು ಬಾಗುತ್ತದೆ. ಆದರೆ ಒದ್ದೆಯಾದ ರಟ್ಟು? ಅದರ ಉಬ್ಬುಗಳು ಕುಸಿದು ಮೊಟ್ಟೆಗೆ ಮೊಟ್ಟೆ ತಾಗುತ್ತದೆ. ಉರುಟಿಗೆ ಉರುಟು ತಾಗಿದರೆ ಮುಟ್ಟುವುದು ಒಂದು ಚುಕ್ಕೆಯಷ್ಟು ಜಾಗದಲ್ಲಿ. ಇನ್ನು, ಚಕ್ರ ಹೊಂಡಕ್ಕಿಳಿದಾಗ ಹೆಚ್ಚು ನೆಗೆದಾಡುವುದು ತಳದ ಟ್ರೇ ಅಲ್ಲ, ಮೇಲಿನ ಟ್ರೇ. ತಳದ್ದನ್ನು ಮೇಲಿನ ಹದಿನೈದು ಕಿಲೋ ಅದುಮಿ ಹಿಡಿದಿರುತ್ತದೆ. ಮೇಲಿನದಕ್ಕೆ ಅಂಥ ಹಿಡಿತವಿಲ್ಲ, ಇರುವುದು ಹಗ್ಗ ಮಾತ್ರ. ಎಂಟು ಮಿಲಿಮೀಟರ್ ನೆಗೆಯಲು ಭಾಂಡುಪಿನ ಮಳೆಗಾಲದ ರಸ್ತೆ ಏನು ಕಡಿಮೆಯೇ?

ಹೀಗೆ ನನ್ನ ಮೊಕದ್ದಮೆಯಲ್ಲಿ ಆರೋಪಿಗಳು ಮೂವರು. ಹುರಿಹಗ್ಗ, ಒದ್ದೆ ರಟ್ಟು, ಹೊಂಡ. ಹಗ್ಗದ ಅಡಿಗೆ ಒಂದು ಹಲಗೆ, ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಇದ್ದಿದ್ದರೆ ನಲವತ್ತಮೂರರಲ್ಲಿ ಹೆಚ್ಚಿನವು ಉಳಿಯುತ್ತಿದ್ದವು. ಎರಡನ್ನೂ ಕೊಡಬೇಕಾದವನು ಮೊಟ್ಟೆ ಹೊತ್ತ ಹುಡುಗನಲ್ಲ.

ಹೊಡೆದವನಿಗೂ ಅದೇ ಪೆಟ್ಟು

ನಮ್ಮ ತುಳುನಾಡಿನಲ್ಲಿ ಹಬ್ಬದ ದಿನಗಳಲ್ಲಿ ‘ತಾರಾಯಿ ಕುಟ್ಟುನೆ’ ಎಂಬ ಆಟ ಇದೆಯಷ್ಟೆ. ಇಬ್ಬರು ಒಂದೊಂದು ತೆಂಗಿನಕಾಯಿ ಹಿಡಿದು ಒಂದಕ್ಕೊಂದು ಕುಟ್ಟುವುದು, ಯಾರದು ಒಡೆಯಿತೋ ಅವನು ಸೋತ, ಕಾಯಿ ಗೆದ್ದವನಿಗೆ. ಮುಂಬಯಿಗೆ ಬಂದ ಮೇಲೆ ನಾರಳಿ ಪೂರ್ಣಿಮೆಯಂದು ಕೋಳಿ ಸಮಾಜದ ಬಂಧುಗಳು ಇದೇ ಆಟ ಆಡುವುದನ್ನು ಕಂಡು ನನಗೆ ಊರಿನ ಅಂಗಳ ನೆನಪಾಗಿತ್ತು. ಅಸ್ಸಾಮಿನ ಬಿಹು ಹಬ್ಬದಲ್ಲಿ ಇದೇ ಪಂಥವನ್ನು ಮೊಟ್ಟೆಗಳಿಂದ ಆಡುತ್ತಾರೆ. ಯುರೋಪಿನ ಹಲವು ದೇಶಗಳಲ್ಲಿ ಈಸ್ಟರ್ ಹಬ್ಬಕ್ಕೆ ಬೇಯಿಸಿದ ಬಣ್ಣದ ಮೊಟ್ಟೆಗಳ ಕಾಳಗ ನಡೆಯುತ್ತದೆ.

ಜೋರಾಗಿ ಹೊಡೆದವನದು ಉಳಿಯುತ್ತದೆ ಎಂದು ಬಾಲ್ಯದಲ್ಲಿ ನಾವು ನಂಬಿದ್ದೆವು. ವಿಜ್ಞಾನ ಹಾಗೆ ಹೇಳುವುದಿಲ್ಲ. ನ್ಯೂಟನ್ನನ ಮೂರನೆಯ ನಿಯಮದಂತೆ ಒಂದು ಇನ್ನೊಂದಕ್ಕೆ ಎಷ್ಟು ಪೆಟ್ಟು ಕೊಡುತ್ತದೋ ಅಷ್ಟೇ ಪೆಟ್ಟನ್ನು ತಾನೂ ತಿನ್ನುತ್ತದೆ. ಹೊಡೆದದ್ದಕ್ಕೂ ಹೊಡೆಸಿಕೊಂಡದ್ದಕ್ಕೂ ಏಟು ಸಮ. ತಾಗಿದ ಜಾಗದಲ್ಲಿ ಯಾರ ಚಿಪ್ಪು ತೆಳುವೋ, ಯಾರದ್ದರಲ್ಲಿ ಮೊದಲೇ ದೋಷವಿತ್ತೋ ಅದು ಒಡೆಯುತ್ತದೆ. ಊರಿನ ಹಳೆಯ ಆಟಗಾರರು ಕಾಯಿ ಆರಿಸುವಾಗ ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದುದು ಸುಮ್ಮನೆ ಅಲ್ಲ.

ಮೊಟ್ಟೆಯನ್ನೂ ಹಾಗೆಯೇ ತಟ್ಟಿ ನೋಡಬಹುದು. ಎರಡು ಮೊಟ್ಟೆಗಳನ್ನು ಮೆಲ್ಲಗೆ ಒಂದಕ್ಕೊಂದು ತಾಗಿಸಿದರೆ ಸರಿಯಿದ್ದದ್ದು ಸ್ಪಷ್ಟವಾಗಿ ‘ಟಿಣ್’ ಎನ್ನುತ್ತದೆ. ಕೂದಲೆಳೆಯ ಬಿರುಕು ಇದ್ದದ್ದು ಒಡಕು ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ದೊಡ್ಡ ಮೊಟ್ಟೆ ಕೇಂದ್ರಗಳಲ್ಲಿ ಯಂತ್ರಗಳೂ ಹೀಗೆಯೇ ತಟ್ಟಿ, ಸದ್ದು ಆಲಿಸಿ, ಬಿರಿದದ್ದನ್ನು ಬೇರ್ಪಡಿಸುತ್ತವೆ.

ಕೋಳಿಯ ಕಷ್ಟ, ಮರಿಯ ಸುಖ

ಹಾಗಾದರೆ ಕೆಲವು ಮೊಟ್ಟೆಗಳ ಓಡು ಮೊದಲಿನಿಂದಲೇ ತೆಳು ಏಕೆ? ಕೋಳಿಗೆ ವಯಸ್ಸಾದಂತೆ ಮೊಟ್ಟೆಯ ಗಾತ್ರ ದೊಡ್ಡದಾಗುತ್ತದೆ, ಓಡಿಗೆ ಸಿಗುವ ಸುಣ್ಣ ಮಾತ್ರ ಹೆಚ್ಚುವುದಿಲ್ಲ. ಅಷ್ಟೇ ಹಿಟ್ಟಿನಲ್ಲಿ ದೊಡ್ಡ ದೋಸೆ ಹೊಯ್ದಂತೆ, ತೆಳುವಾಗುತ್ತದೆ. ದೊಡ್ಡ ಮೊಟ್ಟೆ ಗಟ್ಟಿಮೊಟ್ಟೆ ಎಂದು ತಿಳಿಯಬಾರದು. ಇನ್ನೊಂದು ಕಾರಣ ಬೇಸಿಗೆ. ಕೋಳಿಗೆ ಬೆವರಲು ಬಾರದು. ಸೆಕೆಯಾದಾಗ ಬಾಯಿ ತೆರೆದು ಏದುಸಿರು ಬಿಡುತ್ತದೆ. ಹಾಗೆ ಉಸಿರಿನೊಡನೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ, ಓಡು ಕಟ್ಟಲು ಬೇಕಾದ ಕಾರ್ಬೊನೇಟಿಗೆ ಕೊರತೆ ಬೀಳುತ್ತದೆ. ಮೇವು ತಿನ್ನುವುದೂ ಕಡಿಮೆಯಾಗುತ್ತದೆ. ನಮ್ಮ ರಾಜ್ಯದ ಹೊಸಪೇಟೆಯ ಸುತ್ತಮುತ್ತಲಿನಂಥ ಬಿಸಿಲು ನಾಡುಗಳಲ್ಲಿ ಕೋಳಿ ಸಾಕುವವರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಒಡಕು ಮೊಟ್ಟೆಯ ಚಿಂತೆ ತಪ್ಪದು. ಮೇವಿನಲ್ಲಿ ಸುಣ್ಣಕಲ್ಲಿನ ನುಚ್ಚು, ಚಿಪ್ಪಿನ ಪುಡಿ ಸೇರಿಸುವುದು ಇದಕ್ಕಾಗಿಯೇ.

ಮನುಷ್ಯನ ತಪ್ಪಿನಿಂದ ಓಡು ತೆಳುವಾದ ಕಥೆಯೂ ಒಂದಿದೆ. 1967ರಲ್ಲಿ ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ ಎಂಬ ವಿಜ್ಞಾನಿ ಹಳೆಯ ಸಂಗ್ರಹಗಳ ಗಿಡುಗದ ಮೊಟ್ಟೆಗಳನ್ನು ಹೊಸ ಮೊಟ್ಟೆಗಳೊಡನೆ ತೂಗಿ ನೋಡಿ, 1940ರ ದಶಕದ ಕೊನೆಯಿಂದ ಓಡು ತೆಳುವಾಗುತ್ತ ಬಂದಿದೆ ಎಂದು ತೋರಿಸಿದರು. ಹೊಲಗಳಿಗೆ ಸಿಂಪಡಿಸಿದ ಡಿಡಿಟಿ ಆಹಾರದ ಸರಪಣಿ ಹತ್ತಿ ಗಿಡುಗದ ಮೈಸೇರಿತ್ತು. ಕಾವಿಗೆ ಕುಳಿತ ತಾಯಿಯ ಭಾರಕ್ಕೇ ಮೊಟ್ಟೆಗಳು ಒಡೆಯುತ್ತಿದ್ದವು! ಅಮೆರಿಕ 1972ರಲ್ಲಿ ಡಿಡಿಟಿಯನ್ನು ನಿಷೇಧಿಸಿತು. ಭಾರತದಲ್ಲಿ ಕೃಷಿಗೆ ಅದರ ಬಳಕೆ 1989ರಲ್ಲಿ ನಿಂತಿತು. ನಮ್ಮ ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಆಚೆ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಠಾಣೆ ಖಾರಿಯಲ್ಲಿ, ಚಳಿಗಾಲದ ಬೆಳಿಗ್ಗೆ ರಾಜಹಂಸಗಳ ಗುಲಾಬಿ ಸಾಲನ್ನು ನೋಡಲು ಹೋದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ನಾವು ನೀರಿಗೆ ಬಿಟ್ಟದ್ದು ಎಲ್ಲೋ ದೂರದ ಒಂದು ಗೂಡಿನಲ್ಲಿ ಮೊಟ್ಟೆಯ ಓಡಾಗಿ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಗಟ್ಟಿಯಾದ ಗುಮ್ಮಟವನ್ನು ಒಂದು ಎಳೆಯ ಮರಿ ಒಡೆದು ಬರುವುದು ಹೇಗೆ? ಇಲ್ಲಿ ಪ್ರಕೃತಿಯ ವ್ಯವಸ್ಥೆಗೆ ತಲೆಬಾಗಬೇಕು. ಗುಮ್ಮಟ ಹೊರಗಿನ ಒತ್ತಡಕ್ಕೆ ಗಟ್ಟಿ. ಒಳಗಿನಿಂದ ನೂಕಿದರೆ ಒತ್ತಡದ ಬದಲು ಎಳೆತ ಬರುತ್ತದೆ, ಕಲ್ಲಿನ ಜಾತಿಗೆ ಅದು ಆಗದು. ಅಷ್ಟೇ ಅಲ್ಲ, ಇಪ್ಪತ್ತೊಂದು ದಿನಗಳ ಕಾವಿನಲ್ಲಿ ಮರಿ ತನ್ನ ಎಲುಬು ಕಟ್ಟಲು ಓಡಿನ ಒಳಮೈಯಿಂದಲೇ ಸುಣ್ಣ ಪಡೆಯುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮಾರ್ಕ್ ಮೆಕೀ ಮತ್ತು ಸಂಗಡಿಗರು 2018ರಲ್ಲಿ ಈ ಓಡಿನ ಸೂಕ್ಷ್ಮ ರಚನೆಯನ್ನು ಪರಿಶೀಲಿಸಿ, ಕಾವಿನ ಕಾಲದಲ್ಲಿ ಆ ರಚನೆ ಬದಲಾಗಿ ಓಡು ಕರಗಲು ಅನುಕೂಲವಾಗುತ್ತದೆ ಎಂದು ತಿಳಿಸಿದರು. ಹೊರಬರುವ ಹೊತ್ತಿಗೆ ಕೊಕ್ಕಿನ ತುದಿಯಲ್ಲಿ ಒಂದು ಸಣ್ಣ ಗಟ್ಟಿ ಮುಳ್ಳು. ಅದು ಒಂದೇ ಚುಕ್ಕೆಗೆ ಕುಟ್ಟುತ್ತದೆ. ಕಾಯುವಾಗ ಗಟ್ಟಿ, ಬಿಡುಗಡೆಯ ಹೊತ್ತಿಗೆ ಮೆತು!

ಬಿರುಕನ್ನು ಓದುವುದು

ಪರೀಕ್ಷಾ ವಿಭಾಗದಲ್ಲಿ ಮೇಸ್ತ್ರಿಯವರು ಕಲಿಸಿದ ಒಂದು ಪಾಠವಿದೆ. ಮುರಿದ ತುಂಡನ್ನು ಎಸೆಯುವ ಮುನ್ನ ಮುರಿದ ಜಾಗವನ್ನು ನೋಡು, ಅದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಮೊಟ್ಟೆಗೂ ಈ ಮಾತು ಸಲ್ಲುತ್ತದೆ. ಒಂದು ಸಣ್ಣ ತಗ್ಗು, ಅದರಿಂದ ಸುತ್ತ ಹೊರಟ ನಕ್ಷತ್ರದಂಥ ಗೀರುಗಳು ಇದ್ದರೆ, ಒಂದು ಚುಕ್ಕೆಗೆ ಪೆಟ್ಟು ಬಿದ್ದಿದೆ ಎಂದರ್ಥ. ತುದಿಯಿಂದ ತುದಿಯ ಕಡೆಗೆ ಉದ್ದ ಗೀರು, ತಗ್ಗು ಇಲ್ಲ, ಮೊಟ್ಟೆ ಫ್ರಿಜ್ಜಿನ ಹಿಂಬದಿಯಲ್ಲಿ ಇತ್ತು ಎಂದರೆ, ಒಳಗೆ ನೀರು ಹೆಪ್ಪುಗಟ್ಟಿ ಹಿಗ್ಗಿ ಸೀಳಿದೆ. ಕುದಿಯುವ ನೀರಿನಲ್ಲಿ ದಪ್ಪ ತುದಿಯಿಂದ ಬಿಳಿ ನೂಲು ಹೊರಬಂದರೆ, ಗಾಳಿಯ ಕೋಣೆಯ ಗಾಳಿ ಬಿಸಿಗೆ ಹಿಗ್ಗಿ ದಾರಿ ಮಾಡಿಕೊಂಡಿದೆ.

ಮನೆಯಲ್ಲಿ ಉಪಯೋಗಕ್ಕೆ ಬರುವ ಕೆಲವು ಮಾತುಗಳು. ಟ್ರೇಯಲ್ಲಿ ಚೂಪು ತುದಿ ಕೆಳಗಾಗಿಯೇ ಇಡಿ. ಪೆಟ್ಟಿಗೆ ನಿಂತ ಮೊಟ್ಟೆ ಸ್ವಲ್ಪ ಅಳ್ಳಕವಾದರೂ, ಗಾಳಿಯ ಕೋಣೆ ಮೇಲಿದ್ದರೆ ಹಳದಿ ನಡುವೆ ಉಳಿದು ಮೊಟ್ಟೆ ಹೆಚ್ಚು ದಿನ ಚೆನ್ನಾಗಿರುತ್ತದೆ. ಬೇಯಿಸುವಾಗ ಮಾತ್ರ ಪಾತ್ರೆಗೆ ಮೇಲಿನಿಂದ ಹಾಕದೆ, ಚಮಚದಲ್ಲಿ ಮಲಗಿಸಿ ಇಳಿಸಿ. ಒಡೆಯುವಾಗ ಪಾತ್ರೆಯ ಅಂಚಿಗಿಂತ ಚಪ್ಪಟೆ ಜಾಗಕ್ಕೆ ಕುಟ್ಟುವುದು ಮೇಲು, ಓಡಿನ ಚೂರು ಒಳಗೆ ನುಗ್ಗುವುದು ಕಡಿಮೆ. ಇನ್ನು ಅತಿ ಮುಖ್ಯವಾದದ್ದು. ಬಿರುಕು ಬಿಟ್ಟ ಮೊಟ್ಟೆ ಅಗ್ಗವೆಂದು ಕೊಳ್ಳಬೇಡಿ. ಓಡು ಬಿರಿದರೆ ರೋಗಾಣುಗಳಿಗೆ ಬಾಗಿಲು ತೆರೆದಂತೆ, ಅದರಲ್ಲೂ ಮಳೆಗಾಲದ ತೇವದಲ್ಲಿ. ಮನೆಗೆ ತರುವಾಗ ದಾರಿಯಲ್ಲಿ ಬಿರಿದದ್ದಾದರೆ ತಡಮಾಡದೆ, ಹಳದಿ ಗಟ್ಟಿಯಾಗುವ ತನಕ ಪೂರ್ತಿ ಬೇಯಿಸಿ ತಿನ್ನಿ. ಸೋರುತ್ತಿದ್ದರೆ ಎಸೆಯಿರಿ.

ನಾನು ಕೆಲಸ ಮಾಡಿದ ಕಾರ್ಖಾನೆ ಈಗ ಇಲ್ಲ. ಆ ಜಾಗದಲ್ಲಿ ಎತ್ತರದ ಕಟ್ಟಡಗಳು ಎದ್ದಿವೆ. ಧಣಿಗಳ ಅಂಗಡಿಯೂ ಇಲ್ಲ. ಲೆಕ್ಕವನ್ನು ಅವರ ಮುಂದಿಡಬೇಕೆಂದು ಒಮ್ಮೆ ಹೋಗಿದ್ದೆ. ಅಷ್ಟರಲ್ಲಿ ಅವರು ಅಂಗಡಿ ಮಾರಿ ಊರು ಸೇರಿದ್ದರು. ಈಗ ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಆ ದಿನ ನಷ್ಟವಾಗಿತ್ತು. ನಷ್ಟವಾದಾಗ ಎದುರಿಗಿದ್ದವನ ಕೈಯೇ ಮೊದಲು ಕಾಣುವುದು ಮನುಷ್ಯ ಸ್ವಭಾವ.

ಕಳೆದ ಮಳೆಗಾಲದಲ್ಲಿ ನಮ್ಮ ಕಟ್ಟಡದ ಕೆಳಗೆ ಒಬ್ಬ ಹುಡುಗ ಸ್ಕೂಟರ್ ನಿಲ್ಲಿಸಿ ನೀರು ಸುರಿಯುವ ಮೈಯಲ್ಲಿ ನಿಂತಿದ್ದ. ಮೊಬೈಲಿನಲ್ಲಿ ತರಿಸಿದ ಸಾಮಾನು. ಹನ್ನೆರಡು ಮೊಟ್ಟೆಯಲ್ಲಿ ಮೂರು ಒಡೆದಿದ್ದವು. ಪಡೆದವರು ಜೋರು ದನಿಯಲ್ಲಿ ದೂರು ಬರೆಯುತ್ತೇನೆ ಎನ್ನುತ್ತಿದ್ದರು. ನಾನು ಪೆಟ್ಟಿಗೆ ಕೈಗೆ ತೆಗೆದುಕೊಂಡು ನೋಡಿದೆ. ಮೂರೂ ಒಂದೇ ಬದಿಯವು. ಮೂರರ ಮೇಲೂ ನಕ್ಷತ್ರದ ಗೀರು. ಅದೇ ಚೀಲದಲ್ಲಿ, ಆ ಬದಿಗೆ ತಾಗಿ, ಒಂದು ಗಾಜಿನ ಬಾಟಲಿ ಇತ್ತು. ಚೀಲ ತುಂಬಿ ಮುಚ್ಚಿದ್ದು ಎಲ್ಲೋ ಗೋದಾಮಿನಲ್ಲಿ, ಹುಡುಗ ಅದನ್ನು ಬಿಚ್ಚಿಯೂ ಇರಲಿಲ್ಲ. ಬಾಟಲಿ ತೋರಿಸಿ ಹೇಳಿದೆ. ಅವರು ಸುಮ್ಮನಾದರು, ದೂರು ಬರೆಯಲಿಲ್ಲ. ಹುಡುಗ ನನ್ನ ಮುಖ ನ���ಡಿ, ಸ್ಕೂಟರ್ ಹತ್ತಿ, ಮಳೆಯಲ್ಲಿ ಹೊರಟು ಹೋದ.

ಓದುಗ ಬಂಧುಗಳೇ, ನಿಮ್ಮ ಮನೆ ಬಾಗಿಲಿಗೂ ಇಂಥ ಹುಡುಗರು ಬರುತ್ತಾರೆ. ನಮ್ಮಲ್ಲಿ ಹಲವರು ಒಂದು ಕಾಲದಲ್ಲಿ ಇಂಥ ಹುಡುಗರೇ ಆಗಿದ್ದೆವು. ಮೊಟ್ಟೆ ಒಡೆದರೆ ಗದರುವ ಮುನ್ನ ಒಂದು ನಿಮಿಷ ಆ ಬಿರುಕನ್ನು ತಿರುಗಿಸಿ ನೋಡಿ ಎಂಬುದಷ್ಟೇ ನನ್ನ ವಿನಂತಿ.